ಮೊಂಟಾರಾ ಬೆಟ್ಟದ ಮೇಲೆ ಕಾಗೆ ಮುಟ್ಟಿದ್ದು

ಕಾಗೆ ಪಿಂಡ ಮುಟ್ಟುವುದಕ್ಕೂ ಸತ್ತವರ ಮನಸ್ಸಿಗೂ ಸಂಬಂಧವಿದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಮ್ಮ ತಂದೆಯ ಹತ್ತನೇ ದಿನದ ಕರ್ಮದಲ್ಲಿ ಮನೆಯವರೆಲ್ಲ ಕೈಮುಗಿದುಕೊಂಡು ಆಕಾಶ ನೋಡುತ್ತ ನಿಂತಿದ್ದಾಗ, "ಪಕ್ಕದ ಛತ್ರದಲ್ಲಿ ಮದುವೆ ಊಟ ನಡೀತಿದೆ, ಕಾಗೆಗಳೆಲ್ಲ ಅಲ್ಲಿಗೆ ಹೋಗಿವೆ, ಸ್ವಲ್ಪ ಕಾಯಿರಿ" ಎಂದು ಹೇಳಿ ಸೋದರತ್ತೆಯ ಕೈಯಲ್ಲಿ ಬೈಸಿಕೊಂಡವನು ನಾನು. ಸ್ವಲ್ಪ ಹೊತ್ತಿಗೆ ಕಾಗೆಗಳು ಬಂದವು, ತಿಂದವು. ಮದುವೆ ಊಟ ಮುಗಿದಿರಬೇಕು ಎಂದೆ. ಅದಕ್ಕೂ ಬೈಸಿಕೊಂಡೆ.

ಹೊಟ್ಟೆಪಾಡಿಗೆ ಮಾಡುವ ಕೆಲಸವೂ ನನ್ನ ಸ್ವಭಾವಕ್ಕೆ ತಕ್ಕದ್ದೇ. ಬೇರೆಯವರು ರೂಪಿಸಿದ ಕಂಪ್ಯೂಟರ್ ಚಿಪ್‌ಗಳಲ್ಲಿ ತಪ್ಪು ಹುಡುಕುವುದು. ಎಲ್ಲ ಸರಿಯಿದೆ ಎಂದು ಯಾರು ಎಷ್ಟು ಆಣೆ ಹಾಕಿದರೂ ನಂಬದೆ ಇರುವುದಕ್ಕೇ ನನಗೆ ಸಂಬಳ. ಈಗ ನಾನು ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಮೊದಲು ಆ ಬೆಟ್ಟದ ವಿಷಯ ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೋದಿಂದ ಸಮುದ್ರದ ಅಂಚು ಹಿಡಿದು ದಕ್ಷಿಣಕ್ಕೆ ಬಂದರೆ ಮೊಂಟಾರಾ ಸಿಗುತ್ತದೆ. ಎತ್ತರದಲ್ಲಿ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಅದು ನೆಲದಿಂದ ನಿಧಾನವಾಗಿ ಏಳುವ ಬೆಟ್ಟವಲ್ಲ, ಸಮುದ್ರದಿಂದ ನೇರವಾಗಿ ಎದ್ದು ನಿಂತದ್ದು. ದಾರಿಯುದ್ದಕ್ಕೂ ನೆರಳಿಲ್ಲ. ಎರಡೂ ಬದಿಗೆ ಆಳೆತ್ತರದ ಮುರುಟಿಕೊಂಡ ಪೊದೆಗಳು. ಬಂಡೆ ಪುಡಿಯಾಗಿ ಆದ ಜಲ್ಲಿಯ ಮೇಲೆ ಇಳಿಜಾರಿನಲ್ಲಿ ಕಾಲಿಟ್ಟರೆ ರಾಗಿ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ ಜಾರುತ್ತದೆ. ಇಷ್ಟು ಕಷ್ಟಪಟ್ಟು ತುದಿ ಮುಟ್ಟಿದರೆ ಅಲ್ಲಿ ಇರುವುದು ಬೇಲಿ ಹಾಕಿದ ಟವರುಗಳು. ಬಿಸಿಲಿದೆ ಎಂದುಕೊಂಡು ಜಾಕೆಟ್ಟು ಬಿಚ್ಚುವಷ್ಟರಲ್ಲಿ ಕೆಳಗಿನಿಂದ ಮಂಜು ಎದ್ದು ಮುಂದಿನವನ ಬೆನ್ನು ಕಾಣದಂತೆ ಮಾಡುತ್ತದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೋ ತೆಗೆಯುವುದಕ್ಕೆ ಈ ಕಡೆ ಬೇರೆ ಎಷ್ಟೋ ಬೆಟ್ಟಗಳಿವೆ.

ಆದರೂ ಒಮ್ಮೆ ಹೋದವರು ಮತ್ತೆ ಹೋಗುತ್ತಾರೆ. ಯಾಕೆಂದು ಕೇಳಿದರೆ ಸರಿಯಾದ ಉತ್ತರ ಯಾರ ಬಳಿಯೂ ಇಲ್ಲ. ತಿಳಿಯಾದ ದಿನ ಒಂದು ಕಡೆ ಇಡೀ ಸಾಗರವೂ ಇನ್ನೊಂದು ಕಡೆ ನಾವು ದುಡಿಯುವ ಕೊಲ್ಲಿಯ ದಂಡೆಯೂ ಒಟ್ಟಿಗೆ ಕಾಣುತ್ತವೆ. ವಾರವಿಡೀ ನಮ್ಮನ್ನು ಹುರಿದು ಮುಕ್ಕುವ ಆಫೀಸುಗಳು ಮೇಲಿನಿಂದ ಯಾರೋ ಮರೆತು ಹೋದ ಡಬ್ಬಿಗಳ ಹಾಗೆ ಕಾಣುತ್ತವೆ. ನನಗೆ ಅದೊಂದು ಸಮಾಧಾನ. ಶ್ರೀಪಾದನಿಗೆ ಬೇರೆ ಏನೋ ಇತ್ತು.

ಶ್ರೀಪಾದ ನನ್ನ ಗೆಳೆಯ. ಧಾರವಾಡದವನು. ಸನ್ನಿವೇಲಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವನ ಮನೆ. ಶನಿವಾರ ಬಂತೆಂದರೆ ನಾನು ಕಾರು ತೆಗೆದುಕೊಂಡು ಹೋಗಿ ಅವನ ಡ್ರೈವ್‌ವೇಯಲ್ಲಿ ನಿಲ್ಲಬೇಕು, ಅವನು ಚಪಾತಿಗೆ ಶೇಂಗಾ ಚಟ್ನಿ ಸವರಿ ಸುರುಳಿ ಸುತ್ತಿಕೊಂಡು ಬರಬೇಕು, ಇಬ್ಬರೂ ಮೊಂಟಾರಾ ಹತ್ತಬೇಕು. ಎಷ್ಟೋ ವರ್ಷ ನಡೆದ ಕ್ರಮ ಇದು. ಹತ್ತುವಾಗ ಅವನು ಯಾವಾಗಲೂ ಮುಂದೆ. ಅರ್ಧ ದಾರಿ ದಾಟಿದ ಮೇಲೆ ಕಣಿವೆಯ ಕಡೆ ಚಾಚಿಕೊಂಡಿರುವ ಒಂದು ದೊಡ್ಡ ಬಂಡೆಯಿದೆ, ಅದರ ಮೇಲೆ ಕುಳಿತು ನನಗಾಗಿ ಕಾಯುತ್ತಿದ್ದ. ನಾನು ಏದುಸಿರು ಬಿಡುತ್ತ ತಲುಪಿದರೆ, "ಬಂದೇನ್ಲೇ ತಮ್ಮಾ? ನಾ ಇನ್ನ ಪೊಲೀಸರಿಗೆ ಫೋನ್ ಮಾಡಾಂವ ಇದ್ದೆ" ಎನ್ನುತ್ತಿದ್ದ. ಇಷ್ಟು ಒರಟು ಗುಡ್ಡದಲ್ಲಿ ನಿನಗೇನು ಕಾಣುತ್ತದೆ ಎಂದು ಒಮ್ಮೆ ಕೇಳಿದ್ದೆ. "ಸಮುದ್ರ ಇದನ್ನ ದಿನಾ ಕಡದು ಕಡದು ತಿನ್ನಾಕ ಹತ್ತೇತಿ. ಇದು ಮಾತ್ರ ಸುಮ್ಮನ ನಿಂತೇತಿ ನೋಡು" ಎಂದು ಹೇಳಿ ಚಹಾ ಬಗ್ಗಿಸಿಕೊಟ್ಟ.

ಅವನ ಹೆಂಡತಿ ವಸಂತಿ ಮೈಸೂರಿನವರು. ಆ ಬೆಟ್ಟವನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ಕಂಡಿದ್ದೂ ದೂರದಿಂದ, ಹೈವೇಯಲ್ಲಿ ಹೋಗುವಾಗ. "ನನ್ನ ಸವತಿ ಹೇಗಿದ್ದಾಳೆ?" ಎಂದು ನಾವು ಹಿಂದಿರುಗಿದಾಗಲೆಲ್ಲ ಕೇಳುತ್ತಿದ್ದರು. ತಮಾಷೆಗೇ ಕೇಳುತ್ತಿದ್ದರು, ಆದರೆ ಪ್ರತಿ ವಾರ ಕೇಳುತ್ತಿದ್ದರು. ಮಗಳು ಮೇಘನಾ ಒಬ್ಬಳೇ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಒಂದು ಶನಿವಾರ ನಾನು ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಿ ಹಾರ್ನ್ ಮಾಡಿದೆ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಯಾರೂ ಬರಲಿಲ್ಲ. ಮತ್ತೆ ಹಾರ್ನ್ ಮಾಡಲು ಕೈ ಎತ್ತಿದಾಗ ಒಳಗಿನಿಂದ ವಸಂತಿ ಕಿರುಚಿದ್ದು ಕೇಳಿಸಿತು. ಶ್ರೀಪಾದ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಳಿತವನು ಗೋಡೆಗೆ ಒರಗಿದ್ದ. ಒಂದು ಕಾಲಿಗೆ ಬೂಟು ಹಾಕಿಯಾಗಿತ್ತು. ಆಂಬ್ಯುಲೆನ್ಸು ಬೇಗನೇ ಬಂತು. ಬಂದೇನು ಪ್ರಯೋಜನ, ಹೃದಯ ಆಗಲೇ ನಿಂತುಹೋಗಿತ್ತು.

ಇಲ್ಲಿಯ ಸಾವು ಹೇಗಿರುತ್ತದೆ ಎಂಬುದು ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ದಹನಕ್ಕೂ ಅಪಾಯಿಂಟ್‌ಮೆಂಟು ಸಿಗಬೇಕು. ಕರ್ಮಕ್ಕೆ ಹೆಣ್ಣುಮಗಳು ಕೂರಬಹುದೇ ಎಂದು ಒಬ್ಬಿಬ್ಬರು ಗೊಣಗಿದರು. ಪುರೋಹಿತರು ಒಳ್ಳೆಯವರು, "ಮಗು ಮಾಡ್ತೀನಿ ಅಂತಿದೆ, ಮಾಡಲಿ" ಎಂದರು. ಮೇಘನಾ ಕಣ್ಣೊರೆಸಿಕೊಳ್ಳುತ್ತ ಅರ್ಥವಾಗದ ಮಂತ್ರಗಳನ್ನು ಅವರ ಹಿಂದೆ ಹೇಳಿದಳು. ಹತ್ತನೇ ದಿನ ಹಿತ್ತಲಲ್ಲಿ ಪಿಂಡ ಇಟ್ಟೆವು. ಸನ್ನಿವೇಲಿನಲ್ಲಿ ಕಾಗೆಗಳಿಗೇನೂ ಬರವಿಲ್ಲ. ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಚಿಪ್ಸ್ ಪ್ಯಾಕೆಟ್ಟಿಗೆ ಕಿತ್ತಾಡುತ್ತಿರುತ್ತವೆ. ಅಂದೂ ಬೇಲಿಯ ಮೇಲೆ ಸಾಲಾಗಿ ಕುಳಿತಿದ್ದವು. ಒಂದೂ ಇಳಿಯಲಿಲ್ಲ. ಅಳಿಲೊಂದು ಹತ್ತಿರ ಬಂತು, ವಸಂತಿ ಅದನ್ನು ಅಟ್ಟಿದರು.

ಗೊತ್ತಿಲ್ಲದವರಿಗೆ ಒಂದು ಮಾತು. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನಮ್ಮಲ್ಲಿ ನಂಬುತ್ತಾರೆ. ಮನೆಯವರು ಒಬ್ಬೊಬ್ಬರೇ ಮುಂದೆ ಬಂದು ಕೈಮುಗಿದು, ನಿನ್ನ ಮಗಳ ಮದುವೆ ಮಾಡುತ್ತೇವೆ, ನಿನ್ನ ತಮ್ಮನನ್ನು ಓದಿಸುತ್ತೇವೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ಸರಿಯಾದ ಮಾತು ಬಂದೊಡನೆ ಕಾಗೆ ಇಳಿದು ಮುಟ್ಟುತ್ತದಂತೆ. ಕೊಟ್ಟ ಮಾತಿಗೆ ಮತ್ತೆ ತಪ್ಪುವ ಹಾಗಿಲ್ಲ. ಆ ದಿನ ವಸಂತಿ ಬೇಕಾದಷ್ಟು ಮಾತು ಕೊಟ್ಟರು. ಕಾಗೆಗಳು ಕುಳಿತಲ್ಲೇ ಕುಳಿತಿದ್ದವು. ಪುರೋಹಿತರು, ನೀರಿಗೆ ಬಿಟ್ಟರೂ ಶಾಸ್ತ್ರ ಒಪ್ಪುತ್ತದೆ ಎಂದು ಸಮಾಧಾನ ಹೇಳಿದರು. ನೀರಿಗೆ ಬಿಟ್ಟೆವು.

ವಸಂತಿ ಒಪ್ಪಲಿಲ್ಲ. ಪ್ರತಿ ತಿಂಗಳ ಮಾಸಿಕದಲ್ಲೂ ಕಾಗೆಗೆ ಇಟ್ಟು ಕಾಯುತ್ತಿದ್ದರು, ಪ್ರತಿ ತಿಂಗಳೂ ಅದೇ ಕತೆ. ಊಟ ಬಿಟ್ಟು ಸೊರಗಿ ಕಡ್ಡಿಯಾದರು. ಕಾಗೆಗಳಿಗೆ ಇಲ್ಲಿ ಪಿಜ್ಜಾ ಅಭ್ಯಾಸವಾಗಿದೆ, ಅನ್ನ ರುಚಿಸುವುದಿಲ್ಲ ಎಂದು ನಾನು ಹೇಳಿದೆ. ಅವರು ನಗಲಿಲ್ಲ. ನನ್ನ ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಒಂದು ದಿನ ವಸಂತಿಯೇ ಫೋನ್ ಮಾಡಿದರು. "ಅವರು ಮನೆಗೆ ಬರ್ತಾ ಇಲ್ಲ ಕಣ್ರೀ. ಅಲ್ಲೇ ಇದ್ದಾರೆ, ಆ ಬೆಟ್ಟದ ಮೇಲೆ. ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀರಾ?" ಎಂದರು. ಬೇಡವೆನ್ನಲು ಬಾಯಿ ಬರಲಿಲ್ಲ. ಇದರಿಂದಲಾದರೂ ಈ ಕಾಗೆಯ ಗೀಳು ಮುಗಿದರೆ ಸಾಕು ಎಂದುಕೊಂಡೆ. ಬೆಟ್ಟದ ಮೇಲೆ ಇರುವುದು ನಮ್ಮ ಕಾಗೆಯಲ್ಲ, ಅದರ ದಾಯಾದಿ. ಗಾತ್ರದಲ್ಲಿ ಎರಡರಷ್ಟು, ಕೊಕ್ಕು ದಪ್ಪ, ಮೈಯೆಲ್ಲ ಇದ್ದಿಲು ಕಪ್ಪು, ಕೂಗು ಗಂಟಲು ಕಟ್ಟಿದ ಮುದುಕನದು. ಅದನ್ನೂ ಹೇಳಿದೆ. "ಕಾಗೆ ಕಾಗೇನೇ" ಎಂದರು ವಸಂತಿ.

ಹೊರಟದ್ದು ಮೂವರು, ನಾನು, ವಸಂತಿ ಮತ್ತು ಮೇಘನಾ. ಊಟ ಮುಗಿಸಿ ಹೊರಟೆವು. ವಸಂತಿ ಸಲ್ವಾರಿನ ಮೇಲೆ ಶ್ರೀಪಾದನ ಜಾಕೆಟ್ಟು ಹಾಕಿಕೊಂಡಿದ್ದರು. ಬಾಳೆಯೆಲೆಯಲ್ಲಿ ಅನ್ನದ ಉಂಡೆ, ಎರಡು ಚಪಾತಿ, ಶೇಂಗಾ ಚಟ್ನಿ. ಬೆಟ್ಟದ ಬುಡದಲ್ಲಿ ಕಾಡುಪ್ರಾಣಿಗಳಿಗೆ ತಿನಿಸು ಹಾಕಬಾರದು ಎಂದು ಬೋರ್ಡು ಇತ್ತು. ಮೇಘನಾ ಅದನ್ನು ಓದಿ, "ಅಮ್ಮಾ, ದಿಸ್ ಈಸ್ ಇಲ್ಲೀಗಲ್" ಎಂದಳು. "ನಿಮ್ಮಪ್ಪಂಗೆ ಊಟ ಹಾಕೋದಕ್ಕೆ ಯಾರ ಪರ್ಮಿಷನ್ನೂ ಬೇಡ" ಎಂದು ವಸಂತಿ ಮುಂದೆ ನಡೆದರು. ನಾವಿಬ್ಬರೂ ಹಿಂದೆ ನಡೆದೆವು.

ವಸಂತಿಗೆ ಮಂಡಿನೋವು. ಜಾರುವ ಕಡೆ ಮಗಳ ಭುಜ ಹಿಡಿದು ಹತ್ತಿದರು. ಮಧ್ಯೆ ನಿಂತು ಸಮುದ್ರ ನೋಡಿದರು. ಬಂಡೆಯ ಹತ್ತಿರ ಬರುವ ಹೊತ್ತಿಗೆ ಬಿಸಿಲು ಹೋಗಿ ಮಂಜು ಕವಿದಿತ್ತು. ಪೊದೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಇದೇನಾ ಎಂದು ವಸಂತಿ ಕೇಳಿದರು. ಹೌದೆಂದೆ. ಅವನು ಕೂರುತ್ತಿದ್ದ ಜಾಗವನ್ನು ಅಂಗೈಯಿಂದ ಒರೆಸಿ ಎಲೆ ಹರಡಿದರು.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ರೆಕ್ಕೆಯ ಸದ್ದು ಮೊದಲು ಕೇಳಿಸಿತು, ಆಮೇಲೆ ಮಂಜಿನೊಳಗಿಂದ ಅದು ಬಂತು. ಬಂಡೆಯ ಇನ್ನೊಂದು ತುದಿಯಲ್ಲಿ ಕುಳಿತು ನಮ್ಮನ್ನು ನೋಡಿತು. ನಡೆದುಕೊಂಡು ಎಲೆಯ ತನಕ ಬಂತು. ಕುತ್ತಿಗೆ ಓರೆ ಮಾಡಿ ಅನ್ನ ನೋಡಿತು. ಮುಟ್ಟಲಿಲ್ಲ. ಎಲೆಯ ಸುತ್ತ ಒಂದು ಸುತ್ತು ಹಾಕಿ ಮೊದಲಿದ್ದ ಜಾಗಕ್ಕೇ ಹೋಗಿ ಕುಳಿತಿತು.

ವಸಂತಿ ಕೈಮುಗಿದು ಶುರು ಮಾಡಿದರು. ಮನೆ ಬಿಡುವುದಿಲ್ಲ ಎಂದರು. ಊರಿನಲ್ಲಿರುವ ನಿಮ್ಮ ಅಕ್ಕನನ್ನು ಕೈಬಿಡುವುದಿಲ್ಲ ಎಂದರು. ಮೇಘನಾ ಯಾರನ್ನು ಮದುವೆಯಾದರೂ ಬೇಡ ಎನ್ನುವುದಿಲ್ಲ ಎಂದರು, ಅದನ್ನು ಕೇಳಿ ಮೇಘನಾ ಅಳುವಿನ ನಡುವೆಯೂ ತಲೆಯೆತ್ತಿ ನೋಡಿದಳು. ಕಡೆಗೆ, "ಈ ಬೆಟ್ಟಾನ ಇನ್ನು ಯಾವತ್ತೂ ಬೈಯಲ್ಲ" ಎಂದರು. ಹಕ್ಕಿ ಕದಲಲಿಲ್ಲ. ಮೇಘನಾ ಇಂಗ್ಲಿಷಿನಲ್ಲಿ ಅಪ್ಪನ ಜೊತೆ ಮಾತಾಡಿದಳು. ಓದು ಮುಗಿಸುತ್ತೇನೆ, ಅಮ್ಮನನ್ನು ನೋಡಿಕೊಳ್ಳುತ್ತೇನೆ, ನೀನು ಹೋಗು ಪಪ್ಪಾ ಎಂದಳು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ನಾನು ಏನು ಹೇಳುವುದು? "ಶ್ರೀಪಾದಾ, ನಿನ್ನ ಥರ್ಮಾಸು ನನ್ನ ಕಾರಲ್ಲೇ ಉಳಿದಿದೆ, ಮನೆಗೆ ತಲುಪಿಸ್ತೀನಿ" ಎಂದೆ. ಹೇಳುವಾಗ ತಮಾಷೆ ಎಂದುಕೊಂಡಿದ್ದೆ. ಮುಗಿಯುವಷ್ಟರಲ್ಲಿ ಅದು ತಮಾಷೆಯಾಗಿ ಉಳಿದಿರಲಿಲ್ಲ.

ಅದಕ್ಕೂ ಅದು ಕದಲಲಿಲ್ಲ. ವಸಂತಿ ತುಂಬ ಹೊತ್ತು ನಿಂತಿದ್ದರು. ನಂತರ, ಸೋತವರ ಧ್ವನಿಯಲ್ಲಿ, "ಬನ್ನಿ, ಹೋಗೋಣ" ಎಂದರು. ಎಲೆ ಆಮೇಲೆ ತೆಗೆದರಾಯಿತು, ಈಗ ತಿರುಗಿ ನೋಡಬೇಡಿ, ಹೋಗಿ ಬರುತ್ತೇವೆ ಎಂತಲೂ ಅನ್ನಬೇಡಿ ಎಂದು ನಮ್ಮಿಬ್ಬರಿಗೂ ಎಚ್ಚರಿಸಿದರು. ಯಾರ ಮನೆಯಿಂದ ಹೊರಟರೂ ಬರುತ್ತೇನೆ ಎಂದು ಹೇಳಿ ಹೊರಡುವ ಜನ ನಾವು. ಸಾವಿನ ಮನೆಯಿಂದ ಮಾತ್ರ ಬಾಯಿ ಮುಚ್ಚಿಕೊಂಡು ಹೊರಡಬೇಕು. ನನ್ನಂಥ ನಾಸ್ತಿಕನೂ ಇದೊಂದನ್ನು ಮೀರಿದವನಲ್ಲ. ಮೂವರೂ ಬಂಡೆಗೆ ಬೆನ್ನು ಮಾಡಿ ನಡೆದೆವು. ಮುಂದೆ ಮೇಘನಾ, ನಡುವೆ ವಸಂತಿ, ಹಿಂದೆ ನಾನು. ದಾರಿ ಇಕ್ಕಟ್ಟು, ಕೈಚಾಚಿದರೆ ಒಬ್ಬರಿಗೊಬ್ಬರು ಸಿಗುವಷ್ಟು ಹತ್ತಿರ.

ಆಗ "ನಾನೂ ಬರ್ತೀನಿ" ಎಂಬ ಮಾತು ಕೇಳಿಸಿತು.

ಕೂಗಿದ್ದಲ್ಲ, ಪಿಸುಗುಟ್ಟಿದ್ದೂ ಅಲ್ಲ. ಮನೆಯೊಳಗೆ ಮಾತಾಡುವಷ್ಟೇ ಸಣ್ಣಗೆ, ಸ್ಪಷ್ಟವಾಗಿ, ನಮ್ಮ ನಡುವಿನಿಂದಲೇ ಬಂದ ಮಾತು. ಅದರ ಹಿಂದೆಯೇ ಬಂಡೆಯ ಮೇಲೆ ಉಗುರು ಕೆರೆದ ಸದ್ದು. ತಿರುಗಬಾರದು ಎಂದಿದ್ದ ವಸಂತಿಯೇ ಮೊದಲು ತಿರುಗಿದರು. ಆ ಹಕ್ಕಿ ಎಲೆಯ ಮೇಲೆ ನಿಂತು ಅನ್ನ ತಿನ್ನುತ್ತಿತ್ತು. ಗಬಗಬನೆ ತಿನ್ನುತ್ತಿತ್ತು, ಬಹಳ ದಿನದಿಂದ ಉಪವಾಸವಿದ್ದದ್ದರ ಹಾಗೆ. ಚಪಾತಿಯನ್ನು ಕಾಲಲ್ಲಿ ಒತ್ತಿ ಹರಿಯಿತು. ವಸಂತಿ ನಿಂತಲ್ಲೇ ಕುಸಿದು ಕುಳಿತು ಎರಡೂ ಕೈ ಎತ್ತಿ ಮುಗಿದರು.

ಆ ಮಾತನ್ನು ವಸಂತಿ ಆಡಿದರೆಂದೇ ನಾನು ತಿಳಿದಿದ್ದೆ. ಹೆಂಡತಿಯಾದವಳು ಸಂಕಟದಲ್ಲಿ ಆಡಿದ ಮಾತು, ಈಗ ಎತ್ತಿ ಆಡುವುದು ಬೇಡ ಎಂದು ಸುಮ್ಮನಿದ್ದೆ. ಎಲೆ ಖಾಲಿಯಾದ ಮೇಲೆ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಇಳಿಯತೊಡಗಿದೆವು. ಅರ್ಧ ಇಳಿದಿರಬೇಕು, ವಸಂತಿ ನಿಂತರು. ಮಗಳ ಕೈ ಹಿಡಿದುಕೊಂಡು, "ಯಾಕೆ ಪುಟ್ಟಾ ಹಾಗಂದೆ? ಅಂಥ ಮಾತು ಆಡಬಾರದು ಅಂತ ಹೇಳಿರಲಿಲ್ವಾ?" ಎಂದರು.

ಮೇಘನಾ ಬೆಪ್ಪಾಗಿ ನೋಡಿದಳು. "ನಾಟ್ ಮಿ, ಅಮ್ಮಾ. ಐ ಥಾಟ್ ಇಟ್ ವಾಸ್ ಯು."

ಇಬ್ಬರೂ ನನ್ನ ಕಡೆ ತಿರುಗಿದರು. ನಾನಲ್ಲ ಎಂದು ತಲೆಯಾಡಿಸಿದೆ. ಮಂಜಿನಲ್ಲಿ ಕೆಳಗಿನ ಸಮುದ್ರ ಕಾಣುತ್ತಿರಲಿಲ್ಲ, ಮೊರೆತ ಮಾತ್ರ ಕೇಳುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು.

ನನ್ನ ಕೆಲಸದ ಅಭ್ಯಾಸದಂತೆ ಆ ರಾತ್ರಿಯಿಂದಲೇ ತಪ್ಪು ಹುಡುಕಲು ಕುಳಿತೆ. ಬೇರೆ ಯಾರಾದರೂ ಆ ದಾರಿಯಲ್ಲಿ ಬರುತ್ತಿದ್ದರೇ? ಬೇ ಏರಿಯಾದಲ್ಲಿ ಕಲ್ಲೆಸೆದರೆ ಕನ್ನಡಿಗನೊಬ್ಬನಿಗೆ ತಾಗುತ್ತದೆ ನಿಜ. ಆದರೆ ಹತ್ತುವಾಗ ನಾಯಿ ಹಿಡಿದು ಇಳಿಯುತ್ತಿದ್ದ ಒಬ್ಬ ಬಿಳಿಯ ಮುದುಕಿಯ ಹೊರತು ಯಾರೂ ಸಿಕ್ಕಿರಲಿಲ್ಲ, ಕೆಳಗೆ ಬಂದಾಗ ಪಾರ್ಕಿಂಗಿನಲ್ಲಿ ನಮ್ಮ ಕಾರು ಒಂದೇ ಇತ್ತು. ಮಂಜಿನಲ್ಲಿ ದೂರದ ಸದ್ದು ಹತ್ತಿರ ಕೇಳುತ್ತದೆ ಎನ್ನುತ್ತಾರೆ. ಆ ದೂರದಲ್ಲಾದರೂ ಒಬ್ಬರು ಇರಬೇಕಲ್ಲ? ಮೂವರೂ ಮನಸ್ಸಿನಲ್ಲೇ ಅಂದುಕೊಂಡದ್ದನ್ನು ಕಿವಿಯಲ್ಲಿ ಕೇಳಿದೆವೆಂದು ಭ್ರಮಿಸಿದೆವೇ? ಹಾಗಾದರೆ ಮೂವರಿಗೂ ಒಂದೇ ಮಾತು ಹೇಗೆ ಕೇಳಿಸಿತು? ಗಂಡಿನ ಧ್ವನಿಯೋ ಹೆಣ್ಣಿನದೋ ಎಂದು ಕೇಳಿಕೊಂಡರೆ ಮೂವರಿಗೂ ಹೇಳಲು ಬರುತ್ತಿರಲಿಲ್ಲ. ಶ್ರೀಪಾದನ ಧ್ವನಿಯಂತೂ ಅಲ್ಲವೆಂದು ಮೂವರೂ ಒಪ್ಪಿದ್ದೆವು. ಧ್ವನಿಯ ವಿಷಯದಲ್ಲಿ ನಾವು ಒಪ್ಪಿದ್ದು ಅದೊಂದೇ.

ಉಳಿದದ್ದು ಒಂದೇ ದಾರಿ. ನಮ್ಮಲ್ಲೊಬ್ಬರು ತಮಗೇ ಗೊತ್ತಿಲ್ಲದೆ ಹೇಳಿದ್ದೇವೆ. ಮೇಘನಾ ಚಿಕ್ಕವಳಿದ್ದಾಗ ಅಪ್ಪ ಬೂಟು ಹಾಕಿಕೊಳ್ಳುವುದು ಕಂಡರೆ, ಆಗಿನ್ನೂ ಕನ್ನಡದಲ್ಲೇ, ಹೀಗೇ ಹೇಳುತ್ತ ಬೆನ್ನು ಹತ್ತುತ್ತಿದ್ದಳು. ಶುಕ್ರವಾರದ ಸಂಜೆ ಶ್ರೀಪಾದ ಫೋನ್ ಮಾಡಿದರೆ ನಾನೂ ಇದನ್ನೇ ಹೇಳುತ್ತಿದ್ದೆ. ವಸಂತಿ ಮಾತ್ರ ಒಮ್ಮೆಯೂ ಹೇಳಿದವರಲ್ಲ, ಅದಕ್ಕೇ ಆ ದಿನ ಹೇಳಿರಬಹುದು ಎಂದೂ ಅನ್ನಿಸುತ್ತಿತ್ತು.

ಕಾಗೆ ಮುಟ್ಟಿತಲ್ಲ, ಇನ್ನೇನು ಬೇಕು ಎಂದು ನೀವು ಕೇಳಬಹುದು. ವಸಂತಿಗೆ ಅದೇ ಉರುಲಾಯಿತು. ಹೋದವನು ಒಪ್ಪಿಕೊಂಡದ್ದು ಯಾವ ಮಾತು? ಅಕ್ಕನದಲ್ಲ, ಮನೆಯದಲ್ಲ, ಮದುವೆಯದಲ್ಲ. ಯಾರೋ ಒಬ್ಬರು ಅವನ ಹಿಂದೆ ಬರುತ್ತೇನೆ ಎಂದದ್ದು. ತಾವು ಹೇಳಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗಾದರೆ ಮಗಳು. ಆ ದಿನದಿಂದ ಅವರು ಮೇಘನಾಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಮಗಳು ಫ್ರೀವೇ ಹತ್ತಿದರೆ ಇಳಿಯುವವರೆಗೆ ಫೋನ್ ಹಿಡಿದು ಕೂರುತ್ತಿದ್ದರು. ಮೇಘನಾಳಿಗೂ ತಾನು ಹೇಳಿಲ್ಲವೆಂದು ಗೊತ್ತಿತ್ತು, ಹಾಗಾದರೆ ಅಮ್ಮ. ಅವಳು ರಾತ್ರಿ ಎದ್ದು ಅಮ್ಮ ಉಸಿರಾಡುತ್ತಿದ್ದಾರೆಯೇ ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ನನಗೂ ನೆಮ್ಮದಿಯಿರಲಿಲ್ಲ. ನೆಪ ಮಾಡಿಕೊಂಡು ದಿನವೂ ಅವರ ಮನೆಯ ಮುಂದೆ ಹಾದುಹೋಗಿ ದೀಪ ಹೊತ್ತಿದೆಯೇ ಎಂದು ನೋಡಿಕೊಂಡು ಬರುತ್ತಿದ್ದೆ. ನಂಬುವುದಿಲ್ಲ ಎನ್ನುವವನು ಯಾಕೆ ನೋಡಬೇಕಿತ್ತು, ನೀವೇ ಹೇಳಿ.

ಮೇಘನಾ ಓದು ಮುಗಿಸಿದಳು. ಬಾಸ್ಟನ್ನಿನಲ್ಲಿ, ಅವಳು ಬಯಸಿದ್ದ ಕೆಲಸವೇ ಸಿಕ್ಕಿತು. ಬೇಡವೆಂದು ಬರೆದುಬಿಡುತ್ತೇನೆ ಎಂದು ಒಂದು ಸಂಜೆ ನಮ್ಮ ಮನೆಗೆ ಬಂದು ಹೇಳಿದಳು. ಕಾರಣ ಕೇಳಿದೆ. ಎಂದೂ ಇಲ್ಲದವಳು ಕನ್ನಡದಲ್ಲಿ, ತಡೆತಡೆದು, "ನಾನು ಹೋದ್ರೆ ಅಮ್ಮನೂ ಹೋಗ್ತಾಳೆ ಅಂಕಲ್, ಪಪ್ಪನ ಹತ್ರ" ಎಂದಳು. ಇಪ್ಪತ್ತೆರಡರ ಹುಡುಗಿ. ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಒಂದು ಮಾತು ಒಂದು ಮನೆಯನ್ನು ಹೀಗೆ ತಿನ್ನುತ್ತಿರುವುದನ್ನು ನೋಡಿಕೊಂಡು ಕೂರಲು ನನ್ನಿಂದಾಗಲಿಲ್ಲ.

ಆ ಮಾತು ಹೇಳಿದ್ದು ನಾನೇ ಎಂದೆ.

ಅವಳು ನಂಬಲಿಲ್ಲ. ನಾನು ಪಟ್ಟು ಬಿಡಲಿಲ್ಲ. ಶನಿವಾರಗಳು ನೆನಪಾದವು, ಅಭ್ಯಾಸಬಲದಿಂದ ಬಾಯಿಗೆ ಬಂತು, ನೀವಿಬ್ಬರೂ ಕೇಳಿದಾಗ ಹೆದರಿ ಇಲ್ಲವೆಂದೆ ಎಂದು ಹೇಳಿದೆ. ಹೇಳುತ್ತ ಹೋದಂತೆ ಮಾತು ತಾನಾಗಿ ಬಂತು. ಅವಳನ್ನು ಕರೆದುಕೊಂಡು ಹೋಗಿ ವಸಂತಿಯ ಎದುರೂ ಅದನ್ನೇ ಹೇಳಿದೆ. ವಸಂತಿ ಬಾಗಿಲು ಹಿಡಿದು ನಿಂತು ಕೇಳಿದರು. "ಯಾಕ್ರೀ ಅಂದ್ರಿ? ನಿಮಗೂ ಹೆಂಡತಿ ಮಕ್ಕಳಿದ್ದಾರೆ" ಎಂದು ಬೈದರು. ಬೈಯುತ್ತಿರುವಾಗಲೇ ಅವರ ಮುಖದಿಂದ ಏನೋ ಭಾರ ಇಳಿದದ್ದು ನನಗೆ ಕಂಡಿತು. ನಾನು ಹೊರಗಿನವನು. ಮಗಳಲ್ಲದೆ ಇನ್ನು ಯಾರಾದರೂ ಸರಿ ಎಂದು ತಾಯಿಗೆ ಅನ್ನಿಸಿದರೆ ತಪ್ಪೇನು? ನನಗೆ ನೋವಾಗಲಿಲ್ಲ. ಅಂದು ಅವರ ಮನೆಯಲ್ಲೇ ಮೂವರೂ ಊಟ ಮಾಡಿದೆವು. ವಸಂತಿ ಎರಡನೇ ಸಲ ಅನ್ನ ಬಡಿಸಿಕೊಂಡರು.

ಮೇಘನಾ ಬಾಸ್ಟನ್ನಿಗೆ ಹೋದಳು, ಚೆನ್ನಾಗಿದ್ದಾಳೆ. ವಸಂತಿಯೂ ಚೇತರಿಸಿಕೊಂಡಿದ್ದಾರೆ. ಪ್ರತಿ ಶನಿವಾರ ದೇವಸ್ಥಾನದಲ್ಲಿ ನನ್ನ ಹೆಸರಿನಲ್ಲಿ ಆಯುಷ್ಯಕ್ಕೆಂದು ಅರ್ಚನೆ ಮಾಡಿಸಿ ಪ್ರಸಾದ ತಂದುಕೊಡುತ್ತಾರೆ. ಇವನ ಮೇಲೆ ಇದೇನು ಹೊಸ ಮಮತೆ ಎಂದು ನನ್ನ ಹೆಂಡತಿಗೆ ಆಶ್ಚರ್ಯ. ಅವಳಿಗೆ ನಾನು ಏನೂ ಹೇಳಿಲ್ಲ. ಬೆಟ್ಟಕ್ಕೆ ಯಾಕೆ ಹೋಗುತ್ತಿಲ್ಲ ಎಂದು ಕೇಳಿದಾಗ ಮಂಡಿನೋವು ಎಂದೆ.

ಇದನ್ನು ವಸಂತಿ ಓದುತ್ತಾರೆ, ಗೊತ್ತಿದೆ. "ಆ ದಿನ ನಮ್ಮನೆಗೆ ಬಂದು ಹೇಳಿದ್ದು ಸುಳ್ಳಾ?" ಎಂದು ಕೇಳುತ್ತಾರೆ. ಹೇಳುವಾಗ ಅದು ಸುಳ್ಳೇ ಆಗಿತ್ತು, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಈಚೆಗೆ ಕೆಲವು ತಿಂಗಳಿನಿಂದ, ಆ ಮಧ್ಯಾಹ್ನವನ್ನು ನೆನೆದರೆ, ಆ ಮಾತು ಕೇಳಿಸುವ ಮುಂಚೆ ನನ್ನ ತುಟಿ ತೆರೆದುಕೊಂಡದ್ದೂ ಬಾಯೊಳಗೆ ಮಂಜಿನ ತಣ್ಣಗಿನ ಗಾಳಿ ಹೊಕ್ಕದ್ದೂ ನೆನಪಿಗೆ ಬರುತ್ತಿದೆ.